ಮೀಸಲು ತಂಡಕ್ಕೆ ಹೋಳಿಗೆ ಬಡಿಸಿದ್ದು

ದೇವರಿಗೆ ಅಂತ ಮೊದಲೇ ತೆಗೆದು ಬದಿಗಿಡುವ ಹಾಲಿಗೆ ನಮ್ಮ ಕಡೆ ಒಂದು ಶಬ್ದ ಇತ್ತು. ಮೀ... ಮೀಸ... ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ, ಮುಂದೆ ಹೋಗುವುದಿಲ್ಲ. ಪುಣೆಯಲ್ಲಿ ಇಷ್ಟು ವರ್ಷ ಕಳೆದ ಬಾಯಿಗೆ 'ಮಿಸಳ' ಅಂತ ಇಲ್ಲಿಯ ತಿಂಡಿಯ ಹೆಸರು ಬರುತ್ತದೆ, ಅದರ ಬೆನ್ನಿಗೇ ಪಾವ್ ಬರುತ್ತದೆ. ಕೊನೆಗೆ ಮೊಮ್ಮಗಳನ್ನು ಕೇಳಿದೆ. ಅವಳು ಮೊಬೈಲಿನಲ್ಲಿ ಹುಡುಕಿ, "ಮೀಸಲು, ಅಜ್ಜಿ" ಅಂದಳು.

ಹೌದು, ಮೀಸಲು. ಮೀಸಲು ಹಾಲನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಅದಕ್ಕೆ ಅಷ್ಟು ಮರ್ಯಾದೆ. ನಮ್ಮ ದೇಶದ ಫುಟ್ಬಾಲಿನಲ್ಲೂ ಒಂದು ಮೀಸಲು ತಂಡ ಇದೆ. ಅದನ್ನೂ ಯಾರೂ ಮುಟ್ಟುವುದಿಲ್ಲ. ಕಾರಣ ಮಾತ್ರ ಬೇರೆ.

ನಾನು ಮುದ್ದೇಬಿಹಾಳದ ಕಡೆಯವಳು. ಮದುವೆಯಾಗಿ ಪುಣೆಗೆ ಬಂದವಳು ಇಲ್ಲೇ ಮುದುಕಿಯಾದೆ. ನಮ್ಮ ಯಜಮಾನರು ಒಂದು ಕಿರಾಣಿ ಪೇಟೆಯಲ್ಲಿ ಗುಮಾಸ್ತರಾಗಿದ್ದರು. ಅವರ ಕೆಲಸ ಮುಗಿದ ಮೇಲೆ ಇಬ್ಬರೂ ಸೇರಿ ಇಲ್ಲಿಯ ಕೊಂಢವಾ ಬಡಾವಣೆಯಲ್ಲಿ ಒಂದು ಖಾನಾವಳಿ ಹಾಕಿದೆವು. ನಮ್ಮ ಹಿತ್ತಲ ಗೋಡೆಯ ಆಚೆಗೆ ಒಂದು ಆಟದ ಮೈದಾನ. ಮೀಸಲು ತಂಡದ ಶಿಬಿರ ಅಲ್ಲಿಯೇ ನಡೆಯುತ್ತಿತ್ತು, ಊಟ ನಮ್ಮಲ್ಲಿಂದ. ಹೀಗಾಗಿ ಆ ತಂಡದ ಚರಿತ್ರೆ ಮೈದಾನದಲ್ಲಿದ್ದವರಿಗಿಂತ ನನ್ನ ಅಡುಗೆಮನೆಯ ಕಿಟಕಿಗೆ ಹೆಚ್ಚು ಗೊತ್ತು. ಅವರು ಬಂದರೆಂದರೆ ಏನಾದರೊಂದು ಆಗುತ್ತಿತ್ತು. ಗೋಲು ಒಂದು ಬಿಟ್ಟು ಎಲ್ಲವೂ ಆಗುತ್ತಿತ್ತು.

ಈಗ ಇದನ್ನೆಲ್ಲ ನೆನೆಯುವುದಕ್ಕೆ ಕಾರಣ ಉಂಟು. ಹೋದ ತಿಂಗಳು ತಂಡದ ಹಳೆಯ ಮ್ಯಾನೇಜರ್ ಸಾಹೇಬರು ಬಂದಿದ್ದರು. ಈಗ ಅವರು ಇನ್ನೂ ದೊಡ್ಡ ಸಾಹೇಬರು. ಮೀಸಲು ತಂಡದ ಚರಿತ್ರೆಯನ್ನು ಪುಸ್ತಕ ಮಾಡುತ್ತಿದ್ದಾರಂತೆ. ನಮ್ಮ ಖಾನಾವಳಿಯ ಗೋಡೆಗೆ ತೂಗುಹಾಕಿದ ತಂಡದ ಫೋಟೋ ಬೇಕಿತ್ತು. ಮೊಮ್ಮಗಳು ಅವರ ಕೈಯಲ್ಲಿದ್ದ ಹಾಳೆಗಳನ್ನು ಓದಿ ಹೇಳಿದಳು. ಎಲ್ಲರ ಹೆಸರೂ ಇತ್ತು. ಬಸ್ಸಿನ ಡ್ರೈವರನ ಹೆಸರೂ ಇತ್ತು. ಇಂದಾಪುರದ ನಮ್ಮ ಗೋಲಿಯ ಹೆಸರು ಮಾತ್ರ ಇರಲಿಲ್ಲ.

ಗೋಲಿ ಅಂದರೆ ಗೋಲ್‌ಕೀಪರ್. ಎರಡನೇ ತಂಡದ ಎರಡನೇ ಗೋಲ್‌ಕೀಪರ್. ಮೀಸಲಿಗೆ ಮೀಸಲು. ಈಗ ಇಂದಾಪುರದಲ್ಲಿ ಒಂದು ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಕಲಿಸುತ್ತಾನೆ. ದೇಶದ ಅಂಗಿ ತೊಟ್ಟು ಆಡಿದ್ದೇನೆ ಅಂದರೆ ಅಲ್ಲಿ ಯಾರೂ ನಂಬುವುದಿಲ್ಲ. ಫೋನಿನಲ್ಲಿ ಹೇಳಿದ: "ಆಜಿ, ಮಕ್ಕಳು ನಗತಾರ, ಇರಲಿ. ಹೆಂಡತೀನೂ ನಗತಾಳ. ಆ ಪುಸ್ತಕದೊಳಗ ಒಂದು ಸಾಲು ಬಂದರ ನಾನು ಗೆದ್ದೆ."

ಅವನ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಅದು ಬರಬೇಕಾದ್ದು ಆ ಪುಸ್ತಕದಲ್ಲಿ. "ಫೋಟೋ ಕೊಡೋಣಂತ, ರವಿವಾರ ಊಟಕ್ಕ ಬರ್ರಿ" ಅಂತ ಸಾಹೇಬರಿಗೆ ಹೇಳಿ ಕಳಿಸಿದೆ. ಅವನೂ ಸಾಹೇಬರೂ ಮಾತಾಡುವುದು ಮರಾಠಿ. ನಾನು ಎಲ್ಲರ ಮಾತನ್ನೂ ನಮ್ಮ ಮಾತಿಗೆ ತಿರುಗಿಸಿಕೊಂಡು ಹೇಳುತ್ತಿದ್ದೇನೆ.

ಕುಗ್ಗಿದ ಆಟಗಾರ

ಮೀಸಲು ತಂಡಕ್ಕೆ ಹೊಸ ಅಂಗಿ ಬರುತ್ತಿರಲಿಲ್ಲ. ಮೊದಲ ತಂಡದವರು ತೊಟ್ಟು ಬಿಟ್ಟ ಅಂಗಿಗಳು ಬರುತ್ತಿದ್ದವು. ಅಣ್ಣನ ಚಡ್ಡಿ ತಮ್ಮನಿಗೆ ಬಂದ ಹಾಗೆ. ಬೆನ್ನಿನ ಮೇಲೆ ಮೊದಲ ತಂಡದವರ ಹೆಸರುಗಳು ಹಾಗೆಯೇ ಇರುತ್ತಿದ್ದವು.

ಒಂದು ದಿನ ಹುಡುಗರು ಅಂಗಿ ತೊಳೆದು ನಮ್ಮ ಟೆರೇಸಿನ ಮೇಲೆ ಒಣಹಾಕಿದರು. ಎದುರುಮನೆಯ ವೈನಿ ಅದನ್ನು ಕಂಡರು. ಅವರು ಸೋಲಾಪುರದ ಕಡೆಯವರು, ಮನೆಮಾತು ಕನ್ನಡ. ಹಗ್ಗದ ಮೇಲಿನ ಹೆಸರುಗಳನ್ನು ಓದುತ್ತಾ ಹೋದಂತೆ ಅವರ ಕಣ್ಣು ದೊಡ್ಡವಾದವು. ಟೀವಿಯಲ್ಲಿ ನೋಡಿದ ಹೆಸರುಗಳೆಲ್ಲ ನಮ್ಮ ಟೆರೇಸಿನಲ್ಲಿ ನೀರು ತೊಟ್ಟಿಕ್ಕುತ್ತಿದ್ದವು.

"ಅಯ್ಯ, ಇವರೆಲ್ಲಾ ನಿಮ್ಮಲ್ಲಿ ಉಣ್ಣಾಕ ಬರ್ತಾರಂತ ಒಂದ ಮಾತು ಹೇಳಬಾರದೇನ್ರಿ!"

ಸಂಜೆಗೆ ಇಳಕಲ್ ಸೀರೆ ಉಟ್ಟು, ತಟ್ಟೆಯಲ್ಲಿ ಪೇಢೆ ಇಟ್ಟುಕೊಂಡು, ಓಣಿಯ ಅರ್ಧ ಹೆಂಗಸರನ್ನು ಕಟ್ಟಿಕೊಂಡು ಬಂದರು. ಹುಡುಗರು ಅದೇ ಅಂಗಿ ತೊಟ್ಟು ರೊಟ್ಟಿ ಮುರಿಯುತ್ತಿದ್ದರು. ವೈನಿ ಬೆನ್ನು ಓದುತ್ತಾ ಸಾಲಿನ ಹಿಂದೆ ನಡೆದು, ದೇಶದಲ್ಲೇ ಹೆಸರಾದ ಒಬ್ಬ ಆಟಗಾರನ ಅಂಗಿಯ ಹಿಂದೆ ನಿಂತರು. ಒಳಗಿದ್ದ ಹುಡುಗ ನನ್ನ ಹೆಗಲಿಗೆ ಬರುತ್ತಿದ್ದ. ಅಂಗಿ ಅವನ ಮೊಣಕಾಲಿಗೆ ಬರುತ್ತಿತ್ತು.

"ಟೀವಿಯೊಳಗ ಇವರು ಭಾಳ ಎತ್ತರ ಕಾಣತಿದ್ದರಲ್ಲ?" ಅಂದರು ವೈನಿ.

ಮ್ಯಾನೇಜರ್ ಸಾಹೇಬರು ಅಲ್ಲಿಯೇ ಇದ್ದರು. ಗಂಟಲು ಸರಿಮಾಡಿಕೊಂಡು, "ಟೀವಿಯಲ್ಲಿ ಎಲ್ಲರೂ ಹಾಗೇ ಕಾಣತಾರ" ಅಂದರು. ನಮ್ಮ ಗೋಲಿಗೆ ಮಾತ್ರ ಸುಳ್ಳು ಬರುವುದಿಲ್ಲ. "ಕಾಕೂ, ಅಂಗಿ ಅವರದು, ಒಳಗಿನ ಜೀವ ನಮ್ಮದು" ಅಂದುಬಿಟ್ಟ.

ವೈನಿ ತಂದ ಪೇಢೆಯನ್ನು ವಾಪಸು ಒಯ್ಯಲಿಲ್ಲ, ದೊಡ್ಡ ಮನಸ್ಸು. ಹೋಗುವಾಗ ನನ್ನನ್ನು ಬಾಗಿಲ ಮರೆಗೆ ಕರೆದರು.

"ಬಿಸಿನೀರಾಗ ತೊಳೀಬ್ಯಾಡ್ರಿ ಅನ್ರಿ ಅವರಿಗೆ. ತೊಳದ ಅಂಗಿ ಕುಗ್ಗೂದು ನೋಡೇನಿ. ಅಂಗಿ ಹಂಗ ಇದ್ದು ಆಟಗಾರ ಕುಗ್ಗಿದ್ದು ಇದ ಮೊದಲ ನೋಡಿದ್ದು."

ಕರೆ ಬಂತು

ಮೀಸಲು ತಂಡ ಯಾಕೆ ಅಂತ ಸಾಹೇಬರನ್ನು ಒಮ್ಮೆ ಕೇಳಿದ್ದೆ. "ಅಹೋ ಕಾಕೂ, ಮೊದಲ ತಂಡಕ್ಕೆ ಏನಾದರೂ ಆದರೆ ಇವರು ಹೋಗಬೇಕು" ಅಂದರು. ಅಂದಿನಿಂದ ಹುಡುಗರು ಪೇಪರಿನಲ್ಲಿ ಮೊದಲ ತಂಡದ ಆರೋಗ್ಯದ ಸುದ್ದಿಯನ್ನೇ ಮೊದಲು ಓದುತ್ತಿದ್ದರು. ಯಾರಿಗಾದರೂ ಕಾಲು ಉಳುಕಿದರೆ ಇಲ್ಲಿ ಎರಡು ರೊಟ್ಟಿ ಹೆಚ್ಚು ಖರ್ಚಾಗುತ್ತಿತ್ತು.

ಒಂದು ಮಧ್ಯಾಹ್ನ ಸಾಹೇಬರು ಓಡುತ್ತಾ ಬಂದರು. "ಕರೆ ಬಂತು! ಮೊದಲ ತಂಡ ವಿದೇಶದಲ್ಲಿ ತೊಂದರೆಯಲ್ಲಿದೆ. ಎಲ್ಲಾ ಕಟ್ಟರಿ, ಗಾಡಿ ಬರತದ!"

ಆ ಮಧ್ಯಾಹ್ನದ ಸಂಭ್ರಮ ಏನು ಹೇಳಲಿ. ನಾನು ದಾರಿಗೆ ಅಂತ ಶೇಂಗಾ ಚಟ್ನಿ, ಕಟಕ ರೊಟ್ಟಿ ಕಟ್ಟಿದೆ. ಗೋಲಿ ಇಂದಾಪುರಕ್ಕೆ ಫೋನು ಮಾಡಿದ. ಅವನ ತಾಯಿ ದಿನಾ ಸಂಜೆ ಫೋನಿನಲ್ಲಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಆಡಿದೇನಪ್ಪಾ?" ಇವನು ದಿನಾ ಕೊಡುತ್ತಿದ್ದದ್ದು ಒಂದೇ ಉತ್ತರ: "ಇನ್ನೂ ಇಲ್ಲ ಆಯಿ." ಅವತ್ತು ಮೊದಲ ಬಾರಿಗೆ ಉತ್ತರ ಬದಲಾಯಿತು. ಆ ತಾಯಿ ಎಸ್.ಟಿ. ಬಸ್ ಸ್ಟ್ಯಾಂಡಿನವರೆಗೂ ಸಕ್ಕರೆ ಹಂಚುತ್ತಾ ಹೋದಳಂತೆ.

ಗಾಡಿ ಬಂತು. ಹುಡುಗರು ಚೀಲ ಹೆಗಲಿಗೇರಿಸಿ ಸಾಲಾಗಿ ನಿಂತರು. ಡ್ರೈವರ್ ಇಳಿದು ಅವರನ್ನು ಮೇಲೆ ಕೆಳಗೆ ನೋಡಿ, "ಇಷ್ಟು ಜನ ಯಾಕ? ನನಗ ಪೆಟ್ಟಿಗಿ ಅಷ್ಟ ಹೇಳ್ಯಾರ" ಅಂದ.

ನಡೆದದ್ದು ಇಷ್ಟು. ಮೊದಲ ತಂಡದವರಿಗೆ ಏನೂ ಆಗಿರಲಿಲ್ಲ. ಅವರ ಸಾಮಾನು ವಿಮಾನದಲ್ಲಿ ಎಲ್ಲೋ ಕಳೆದುಹೋಗಿತ್ತು. ಬೇಕಾದದ್ದು ಅಂಗಿಗಳು. ಹೆಸರು ಸಮೇತ ಇದ್ದವಲ್ಲ, ಅಳತೆಯೂ ಸರಿ. ಇವರು ಅಲ್ಲಿಯೇ ಅಂಗಿ ಬಿಚ್ಚಿ ಕೊಟ್ಟರು. ಗಾಡಿ ಹೊರಟಿತು. ಹುಡುಗರು ಬನಿಯನ್ನಿನಲ್ಲಿ ನಿಂತು ಅದಕ್ಕೆ ಕೈ ಬೀಸಿದರು.

ಸಂಜೆ ಗೋಲಿ ಫೋನು ಹಿಡಿದು ಮೂಲೆಯಲ್ಲಿ ನಿಂತಿದ್ದ. ನನಗೆ ಆ ಕಡೆಯ ಮಾತೂ ಕೇಳಿಸುತ್ತಿತ್ತು, ಆ ತಾಯಿಯ ದನಿ ಹಾಗಿತ್ತು.

"ಹೋಗಲಿ ಬಿಡಪ್ಪಾ. ನಿನ್ನ ಅಂಗಿಯಾದರೂ ಆಡತದಲ್ಲ."

ಎಡಗಾಲು ಎಳೆಯುವ ಆಟಗಾರ

ಆಮೇಲೆ ತಂಡವನ್ನು ಸುಧಾರಿಸಬೇಕು ಅಂತ ಬೆಂಗಳೂರಿನಿಂದ ಒಬ್ಬ ಹುಡುಗ ಬಂದ. ಆಟ ಆಡುವವನಲ್ಲ, ಆಟದ ಲೆಕ್ಕ ಇಡುವವನು. ಕೈಯಲ್ಲಿ ಲ್ಯಾಪ್‌ಟಾಪು, ಬಾಯಲ್ಲಿ ಇಂಗ್ಲಿಷು. ಕನ್ನಡದವನು ಅಂತ ನನಗೆ ಖುಷಿಯಾಯಿತು. ಬಂದವನೇ ನನ್ನ ರೊಟ್ಟಿಯ ರಾಶಿಯನ್ನು ನೋಡಿ, "ಆಂಟೀ, ಪ್ಲೀಸ್, ಕಾರ್ಬ್ಸ್ ಕಮ್ಮಿ ಮಾಡಿ" ಅಂದ.

"ಅದು ಯಾವ ಪಲ್ಯಾನಪಾ? ನಾ ಮಾಡಂಗಿಲ್ಲ ಅದನ್ನ" ಅಂದೆ.

ಅವನು ಹುಡುಗರ ಮೈಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದೊಂದು ಡಬ್ಬಿ ಕಟ್ಟುತ್ತಿದ್ದ. ಯಾರು ಎಷ್ಟು ಓಡಿದರು, ಎಷ್ಟು ಹೊತ್ತು ನಿಂತರು, ಎಲ್ಲಾ ಅವನ ಕಂಪ್ಯೂಟರಿಗೆ ಗೊತ್ತಾಗುತ್ತಿತ್ತು. ಊಟದ ಹೊತ್ತಿನಲ್ಲಿ ಯಾರದೋ ಒಂದು ಡಬ್ಬಿ ಬಿಚ್ಚಿ ನನ್ನ ರೊಟ್ಟಿ ಬುಟ್ಟಿಗೆ ಬಿತ್ತು. ಕಳೆದೀತು ಅಂತ ಸೆರಗಿನ ತುದಿಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆಮೇಲೆ ಮರೆತೆ.

ಕೆಲವು ದಿನ ಕಳೆದ ಮೇಲೆ ಮೈದಾನದ ಕಡೆ ಗದ್ದಲ ಕೇಳಿಸಿತು. ಆ ಹುಡುಗ ಕೋಚ್ ಮುಂದೆ ಲ್ಯಾಪ್‌ಟಾಪ್ ಹಿಡಿದು ಕುಣಿಯುತ್ತಿದ್ದ. "ಸರ್, ಇದು ನೋಡಿ! ಬೆಳಿಗ್ಗೆ ಕತ್ತಲಲ್ಲಿ ಶುರು ಮಾಡ್ತಾನೆ. ಇಡೀ ದಿನ ನಿಲ್ಲೋದೇ ಇಲ್ಲ. ಸಣ್ಣ ಸಣ್ಣ ಹೆಜ್ಜೆ, ಸಖತ್ ಟರ್ನಿಂಗ್. ಇಂಥ ಸ್ಟ್ಯಾಮಿನಾ ಮೊದಲ ತಂಡದಲ್ಲೂ ಇಲ್ಲ ಸರ್!"

ಕೋಚ್ ಕಣ್ಣು ಒದ್ದೆಯಾಯಿತು. ಮ್ಯಾನೇಜರ್ ಸಾಹೇಬರು ಆಗಲೇ ಮೇಲಿನವರಿಗೆ ಫೋನು ಹಚ್ಚಿದ್ದರು, ನಾವು ಒಂದು ರತ್ನ ತಯಾರು ಮಾಡಿದ್ದೇವೆ ಅಂತ. ಯಾರು ಆ ರತ್ನ ಅಂತ ಹುಡುಕಿದರೆ ಹುಡುಗರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು.

"ಒಂದೇ ಪ್ರಾಬ್ಲಮ್ಮು ಸರ್," ಅಂದ ಬೆಂಗಳೂರಿನವನು. "ಎಡಗಾಲು ಸ್ವಲ್ಪ ಎಳೀತಾನೆ. ಫಿಸಿಯೋ ಕೊಟ್ಟರೆ ಸರಿಹೋಗುತ್ತೆ."

ನಾನು ಗೋಡೆಯ ಈಚೆಯಿಂದ ಸೆರಗು ಬಿಚ್ಚಿ ಡಬ್ಬಿ ಎತ್ತಿ ತೋರಿಸಿದೆ.

"ಡಾಕ್ಟರಿಗೂ ಆಗಿಲ್ಲಪಾ. ಮೊಣಕಾಲು ಸವದದ ಅಂತಾರ."

ಚಿಕ್ಕಿಯ ತಂಡ

ಒಂದು ಮಳೆಗಾಲ ಸಾಹೇಬರಿಗೆ ಎತ್ತರದ ಜಾಗದಲ್ಲಿ ಅಭ್ಯಾಸ ಮಾಡಿಸಬೇಕು ಅಂತ ಬುದ್ಧಿ ಬಂತು. ದೊಡ್ಡ ದೊಡ್ಡ ದೇಶದವರು ಬೆಟ್ಟಕ್ಕೆ ಹೋಗುತ್ತಾರಂತೆ. ಇವರು ಪುಣೆಯ ಪಕ್ಕದ ಲೋಣಾವಳಾಕ್ಕೆ ಹೋದರು, ಅದೂ ಮಳೆಗಾಲದಲ್ಲಿ. ಅಡುಗೆಗೆ ನನ್ನನ್ನೂ ಕರೆದೊಯ್ದರು. ಶಿಬಿರ ಮುಗಿಯುವವರೆಗೆ ಮೈದಾನ ನಮಗೆ ಕಾಣಿಸಲಿಲ್ಲ. ನೀರಿನ ಅಡಿಯಲ್ಲಿದೆ ಅಂತ ಹೋಟೆಲಿನವರು ಹೇಳಿದರು, ನಾವು ನಂಬಿದೆವು.

ಕೋಚ್ ಪಾಪ ಪ್ರಾಮಾಣಿಕ. ಹೋಟೆಲಿನ ಮೇಜಿನ ಮೇಲೆ ಚಿಕ್ಕಿಯ ತುಂಡುಗಳನ್ನು ಇಟ್ಟು ಪಾಠ ಶುರು ಮಾಡಿದರು. ಇದು ಹಿಂಭಾಗ, ಇದು ನಡುಭಾಗ, ಇವರು ಮುಂದೆ ನುಗ್ಗುವವರು. ಹಿಂಭಾಗ ಎಂದೂ ಜಾಗ ಬಿಡಬಾರದು ಅಂತ ಹೇಳಿ ಹಲಗೆಯ ಮೇಲೆ ಏನೋ ಬರೆಯಲು ತಿರುಗಿದರು. ಈ ಕಡೆ ತಿರುಗುವಷ್ಟರಲ್ಲಿ ಹಿಂಭಾಗ ಪೂರ್ತಿ ಖಾಲಿ. ಬೈದರು, ಹೊಸ ಚಿಕ್ಕಿ ಇಟ್ಟರು. ಮತ್ತೆ ತಿರುಗಿದರು. ಈ ಸಲ ನಡುಭಾಗ ಹೋಯಿತು.

ಸಂಜೆಗೆ ಮೇಜಿನ ಮೇಲೆ ಒಂದೇ ತುಂಡು ಉಳಿದಿತ್ತು, ಅದೂ ಅಂಚಿನಲ್ಲಿ. ಯಾರೂ ಅದನ್ನು ಮುಟ್ಟಿರಲಿಲ್ಲ.

"ಇದು ಯಾರ್ರೀ ಸಾಹೇಬ್ರ?" ಅಂತ ಕೇಳಿದೆ.

ಕೋಚ್ ನಿಟ್ಟುಸಿರು ಬಿಟ್ಟರು. "ಎರಡನೇ ಗೋಲ್‌ಕೀಪರ್."

ಹಗುರ ಊಟ

ಈಗ ಆ ಪಂದ್ಯದ ಕಥೆ. ಸಮುದ್ರದ ನಡುವಿನ ಒಂದು ಪುಟ್ಟ ದೇಶದ ತಂಡ ಪುಣೆಗೆ ಬಂತು. ಹೆಸರು ಹೇಳುವುದಿಲ್ಲ, ಅವರೂ ಮರ್ಯಾದಸ್ಥರು. ಮೊದಲ ತಂಡಕ್ಕೆ ಇಷ್ಟು ಸಣ್ಣ ದೇಶದೊಡನೆ ಆಡಲು ಪುರುಸೊತ್ತಿರಲಿಲ್ಲ. ಹಾಗಾಗಿ ನಮ್ಮ ಮೀಸಲು ತಂಡಕ್ಕೆ ಕಡೆಗೂ ಒಂದು ನಿಜವಾದ ಪಂದ್ಯ ಸಿಕ್ಕಿತು. ನಮ್ಮ ಗೋಲಿಗೆ ಬೆಂಚು ಸಿಕ್ಕಿತು.

ಅವನೊಂದು ಹರಕೆ ಹೊತ್ತಿದ್ದ. ದೇಶಕ್ಕಾಗಿ ಒಮ್ಮೆ ಆಡುವವರೆಗೆ ಪ್ರತಿ ಸಂಕಷ್ಟಿಗೆ, ಚಂದ್ರ ಮೂಡುವ ತನಕ, ಬಾಯಿಗೆ ನೀರು ಬಿಟ್ಟರೆ ಬೇರೇನೂ ಇಲ್ಲ. ಪಂದ್ಯದ ದಿನ ಸಂಕಷ್ಟಿ ಇತ್ತು.

ಪಂದ್ಯ ಸಂಜೆ ನಾಲ್ಕಕ್ಕೆ. ಸಾಹೇಬರಿಗೆ ಪರದೇಶದವರ ಮುಂದೆ ನಮ್ಮ ಸಂಸ್ಕೃತಿ ತೋರಿಸುವ ಹುಮ್ಮಸ್ಸು. "ಕಾಕೂ, ಮಧ್ಯಾಹ್ನ ಎರಡೂ ತಂಡದವರಿಗೆ ನಿಮ್ಮಲ್ಲೇ ಊಟ. ಆದರೆ ಆಟ ಇದೆ, ಹಗುರ ಇರಲಿ" ಅಂದರು.

ಹಗುರ ಊಟ ಅಂದರೆ ನಮ್ಮ ಕಡೆ ಒಂದೇ ಸಿಹಿ ಮಾಡುವುದು. ಮಾದಲಿ ಬಿಟ್ಟೆ, ಹೂರಣದ ಹೋಳಿಗೆ ಅಷ್ಟೇ ಮಾಡಿದೆ. ಜೊತೆಗೆ ಎಣ್ಣೆಗಾಯಿ ಪಲ್ಯ, ಕೋಸಂಬರಿ, ಕಟ್ಟಿನ ಸಾರು, ಅನ್ನ. ಹೋಳಿಗೆಗೆ ತುಪ್ಪ ಬೇಕೇ ಬೇಕು, ಅದನ್ನು ಸಿಹಿ ಅನ್ನುವುದಿಲ್ಲ.

ಬಡಿಸುವುದು ನಮ್ಮ ಯಜಮಾನರು. ಅತಿಥಿ ಸಾಕು ಅಂದ ಮೇಲೆಯೇ ನಿಜವಾದ ಬಡಿಸುವುದು ಶುರುವಾಗುತ್ತದೆ ಅನ್ನುವ ಮನೆತನದವರು. ತಟ್ಟೆ ಖಾಲಿ ಕಂಡರೆ ಅವರಿಗೆ ಅವಮಾನ. ನಮ್ಮ ಹುಡುಗರು ಎಷ್ಟೋ ಶಿಬಿರ ಉಂಡವರು, ಉಪಾಯ ಬಲ್ಲವರು. ಯಜಮಾನರು ಬರುತ್ತಲೂ ತಟ್ಟೆಯ ಮೇಲೆ ಎರಡೂ ಕೈ ಚಾಚಿ ಬೋರಲು ಬೀಳುತ್ತಿದ್ದರು. ಚೆಂಡು ತಡೆಯಲು ಅವರು ಹೀಗೆ ಬೀಳುವುದನ್ನು ಮೈದಾನದಲ್ಲಿ ಯಾರೂ ನೋಡಿರಲಿಲ್ಲ.

ಪರದೇಶದವರಿಗೆ ಈ ಉಪಾಯ ಗೊತ್ತಿಲ್ಲ. ಗೊತ್ತಿಲ್ಲದ್ದಷ್ಟೇ ಅಲ್ಲ, ಅವರ ದೇಶದಲ್ಲಿ ಬಡಿಸಿದ್ದನ್ನು ತಟ್ಟೆಯಲ್ಲಿ ಬಿಟ್ಟರೆ ಮನೆಯ ಹೆಂಗಸಿಗೆ ಬೈದ ಹಾಗಂತೆ. ಇದು ನಮಗೆ ಆಮೇಲೆ ತಿಳಿಯಿತು. ಆ ಹೊತ್ತಿಗೆ ಕಂಡದ್ದು ಇಷ್ಟೇ: ಯಜಮಾನರು ಹೋಳಿಗೆ ಹಾಕುತ್ತಾರೆ, ಅವರು ಮರ್ಯಾದೆಗೆ ತಿಂದು ಮುಗಿಸುತ್ತಾರೆ. ತಟ್ಟೆ ಖಾಲಿಯಾಯಿತು ಅಂತ ಯಜಮಾನರು ಮರ್ಯಾದೆಗೆ ಮತ್ತೆ ಹಾಕುತ್ತಾರೆ. ಇಬ್ಬರದೂ ಮರ್ಯಾದೆಯೇ. ಯಾರು ನಿಲ್ಲಿಸಬೇಕು?

"ಏನ ಹುಡುಗರು ಇವರು!" ಅಂತ ಯಜಮಾನರು ಅಡುಗೆಮನೆಗೆ ಬಂದು ಕಣ್ಣೊರೆಸಿಕೊಂಡರು. "ನಮ್ಮ ಬೀಗರೂ ಇಷ್ಟು ಪ್ರೀತಿಲೆ ಉಂಡಿಲ್ಲ. ಇನ್ನಷ್ಟು ಬೇಯಿಸು."

ಅತಿಥಿಗಳನ್ನು ಒಂಟಿಯಾಗಿ ಉಣಬಿಡಬಾರದು ಅಂತ ಸಾಹೇಬರು ನಮ್ಮ ಮೊದಲನೇ ಗೋಲ್‌ಕೀಪರನನ್ನು ಅವರ ನಾಯಕನ ಎದುರಿಗೆ ಕೂರಿಸಿದ್ದರು. ದೇಶದ ಮಾನದ ಪ್ರಶ್ನೆ ಅಂತ ಅವನು ಹೋಳಿಗೆಗೆ ಹೋಳಿಗೆ ಸರಿಗಟ್ಟಿದ. ಊಟ ಮುಗಿದಾಗ ಅವನನ್ನು ಇಬ್ಬರು ಹಿಡಿದು ಏಳಿಸಿದರು. ಮೂರೂವರೆಗೆ ಅವನು ಹಾಸ್ಟೆಲಿನ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದ. ನೀರು ಚಿಮುಕಿಸಿದರು. ಮುಖ ಒರೆಸಿಕೊಂಡು ಮಗ್ಗುಲು ಬದಲಿಸಿದ.

ಕೋಚ್ ಗಾಬರಿಯಿಂದ ಸುತ್ತ ನೋಡಿದರು. ಇಡೀ ಮೈದಾನದಲ್ಲಿ ಖಾಲಿ ಹೊಟ್ಟೆಯಲ್ಲಿದ್ದ ಒಬ್ಬನೇ ಮನುಷ್ಯ ಬೆಂಚಿನ ಮೇಲೆ ಕೂತು ಬೂಟಿನ ಲೇಸು ಕಟ್ಟುತ್ತಿದ್ದ.

ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ನಮ್ಮ ಇಂದಾಪುರದವನು ಗೋಲಿನ ಕಡೆಗೆ ನಡೆದುಹೋಗಿ ಕಂಬವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಗಣಪತಿ ಹರಕೆ ಕೇಳಿಸಿಕೊಂಡಿದ್ದ. ಆದರೆ ಸಾಕಷ್ಟು ಸುತ್ತುದಾರಿಯಲ್ಲಿ.

ಚೆಂಡು ಬಂತು

ಆ ಪಂದ್ಯದ ಬಗ್ಗೆ ಸಾಹೇಬರ ಹಾಳೆಯಲ್ಲಿ ಹೀಗೆ ಬರೆದಿದೆ: 'ಎದುರಾಳಿಗಳು ಅಭೇದ್ಯ ಗೋಡೆಯ ತಂತ್ರ ಅನುಸರಿಸಿದರು.' ನಾನು ಕಂಡದ್ದು ಹೇಳುತ್ತೇನೆ. ಅವರು ತಮ್ಮ ಗೋಲಿನ ಮುಂದೆ ಹೋಗಿ ನಿಂತರು. ಆಮೇಲೆ ಅಲ್ಲಿಂದ ಕದಲಲಿಲ್ಲ. ಗೋದಾಮಿನಲ್ಲಿ ಮೂಟೆ ಇಟ್ಟ ಹಾಗೆ. ನಮ್ಮವರು ಒದ್ದದ್ದೆಲ್ಲ ಯಾವುದಾದರೂ ಒಂದು ಹೊಟ್ಟೆಗೆ ಬಡಿದು ವಾಪಸು ಬರುತ್ತಿತ್ತು. ಹೊಟ್ಟೆಯವನು "ಅಯ್ಯೋ" ಅನ್ನುತ್ತಿದ್ದ, ಯಾವ ಭಾಷೆಯಲ್ಲಾದರೂ ಅದು ಅರ್ಥವಾಗುತ್ತದೆ.

ಎದುರಿಗೆ ಕದಲದ ತಂಡ, ಆದರೂ ನಮ್ಮವರಿಗೆ ಒಂದು ಗೋಲು ಆಗಲಿಲ್ಲ. ಮೀಸಲು ತಂಡದ ಗುಣವನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಈ ಕಡೆ ನಮ್ಮ ಗೋಲಿ ಒಬ್ಬನೇ. ಚೆಂಡು ಮೈದಾನದ ಅರ್ಧವನ್ನೂ ದಾಟಿ ಬರಲಿಲ್ಲ. ಅವನು ಕೈಗವಸು ಸರಿಮಾಡಿಕೊಂಡ. ಹಾರಿ ನೋಡಿದ. ಕಂಬದಿಂದ ಕಂಬಕ್ಕೆ ನಡೆದ. ಕೂಗಿ ಕೂಗಿ ಎಲ್ಲರಿಗೂ ಸಲಹೆ ಕೊಟ್ಟ. ನಾನು ಪಾತ್ರೆ ತೊಳೆದು ಮುಗಿಸಿ ಬಂದರೂ ಅವನ ಅಂಗಿಗೆ ಒಂದು ಮಣ್ಣಿನ ಕಲೆ ಇರಲಿಲ್ಲ. ದೇಶಕ್ಕಾಗಿ ಆಡಿದವನ ಅಂಗಿಯನ್ನು ತೊಳೆಯುವ ಅಗತ್ಯವೇ ಬರುವುದಿಲ್ಲವೇನೋ ಅನ್ನಿಸಿತು.

ಆಟ ಮುಗಿಯಲು ಸ್ವಲ್ಪ ಹೊತ್ತಿರುವಾಗ ನಮ್ಮದೇ ತಂಡದ ಒಬ್ಬನಿಗೆ ಕನಿಕರ ಹುಟ್ಟಿತು. ಹಿಂದಕ್ಕೆ ತಿರುಗಿ, ಚೆಂಡನ್ನು ಮೆಲ್ಲಗೆ ನಮ್ಮ ಗೋಲಿಯ ಕಡೆಗೆ ಉರುಳಿಸಿದ. ಚೆಂಡು ಬಂತು. ನಮ್ಮ ಗೋಲಿ ಅದನ್ನು ಎರಡೂ ಕೈಯಿಂದ ಎತ್ತಿ ಎದೆಗಪ್ಪಿಕೊಂಡ, ತಾಯಿ ಕೂಸನ್ನು ಎತ್ತಿದ ಹಾಗೆ.

ರೆಫರಿ ಸೀಟಿ ಊದಿದರು. ತನ್ನವರೇ ಬೇಕಂತ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿದರೆ ಫೌಲಂತೆ. ಅವನಿಗೆ ಗೊತ್ತಿಲ್ಲ ಅಂತಲ್ಲ. ಆ ಕ್ಷಣಕ್ಕೆ ಗೊತ್ತಿದ್ದುದೆಲ್ಲ ಹಾರಿಹೋಗಿತ್ತು. ರೆಫರಿ ಚೆಂಡು ಕೆಳಗಿಡು ಅಂದರು. ಇವನು ಬಿಡಲಿಲ್ಲ. "ಇಡತೀನ್ರಿ ಸಾಹೇಬ್ರ, ಒಂದ ನಿಮಿಷ" ಅಂತ ಇನ್ನೂ ಬಿಗಿಯಾಗಿ ಹಿಡಿದ. ಹೊತ್ತು ಕಳೆಯುತ್ತಾನೆ ಅಂತ ರೆಫರಿ ಜೇಬಿನಿಂದ ಹಳದಿ ಕಾರ್ಡು ತೆಗೆದು ತೋರಿಸಿದರು.

ಕೊನೆಗೆ ಚೆಂಡನ್ನು ಗೋಲಿನ ಸಮೀಪದಲ್ಲೇ ಇಟ್ಟು, ಎದುರಾಳಿಗಳು ಬಂದು ಒದೆಯಿರಿ ಅಂತ ರೆಫರಿ ಕೈ ಮಾಡಿದರು. ಇದು ಅವರಿಗೆ ಗೋಲು ಹೊಡೆಯುವ ಬಂಗಾರದಂಥ ಅವಕಾಶ. ಆದರೆ ಅವರಿರುವುದು ಮೈದಾನದ ಆ ತುದಿಯಲ್ಲಿ, ಚೆಂಡು ಈ ತುದಿಯಲ್ಲಿ. ಅವರು ದೂರದಿಂದ ಚೆಂಡನ್ನು ನೋಡಿದರು. ಒಬ್ಬರ ಮುಖ ಒಬ್ಬರು ನೋಡಿದರು. ನಾಯಕ ಎರಡು ಹೆಜ್ಜೆ ಹಾಕಿ, ಹೊಟ್ಟೆಯ ಮೇಲೆ ಕೈ ಇಟ್ಟು ನಿಂತು, ರೆಫರಿಗೆ ಬೇಡ ಅಂತ ಕೈ ಆಡಿಸಿದ.

ನಮ್ಮ ಯಜಮಾನರು ಗೋಡೆಯ ಹತ್ತಿರ ನಿಂತು ನೋಡುತ್ತಿದ್ದರು.

"ನೋಡ," ಅಂದರು ನನಗೆ. "ಈಗ ಕಲತಾರ ಸಾಕು ಅನ್ನೂದನ್ನ."

ನುಂಗುವುದರೊಳಗೆ

ಹೇಳಿದ ಹಾಗೆ ರವಿವಾರ ಸಾಹೇಬರು ಊಟಕ್ಕೆ ಬಂದರು. ಇಷ್ಟು ವರ್ಷ ತಂಡ ನಮ್ಮಲ್ಲಿ ಉಂಡರೂ ಸಾಹೇಬರು ಎಂದೂ ನಮ್ಮಲ್ಲಿ ಉಂಡವರಲ್ಲ. ಅವರದು ಯಾವಾಗಲೂ ದೊಡ್ಡ ಹೋಟೆಲು. ಆದ್ದರಿಂದ ತಟ್ಟೆಯ ಮೇಲೆ ಬೋರಲು ಬೀಳುವ ಉಪಾಯ ಅವರಿಗೆ ರೂಢಿಯಿಲ್ಲ. ಮೊಮ್ಮಗಳಿಗೆ ಪೆನ್ನು ಕೊಟ್ಟು ಪಕ್ಕದಲ್ಲಿ ಕೂರಿಸಿದೆ. ಪುಸ್ತಕದ ಹಾಳೆಗಳು ಅವಳ ಮುಂದೆ. ಯಜಮಾನರು ಹೋಳಿಗೆಯ ತಟ್ಟೆ, ತುಪ್ಪದ ಗಿಂಡಿ ಹಿಡಿದು ಸಾಹೇಬರ ಹಿಂದೆ ನಿಂತರು.

"ಸಾಹೇಬ್ರ, ಆ ಪಂದ್ಯದಾಗ ಗೋಲಿನ ಮುಂದ ಮೊದಲನೇ ಗೋಲ್‌ಕೀಪರ್ ಹೆಸರು ಹಾಕೀರಲ್ಲ? ಅವ ಹಾಸ್ಟೆಲಿನೊಳಗ ಮಲಗಿದ್ದ."

"ಕಾಕೂ, ಬೆಳಿಗ್ಗೆ ಕಳಿಸಿದ ಹೆಸರೇ ಕಾಗದದಲ್ಲಿ ಉಳಿಯಿತು. ಈಗ ಬದಲಾಯಿಸಿದರೆ ಯಾಕೆ ಬದಲಾಯಿತು ಅಂತ ಬರೆಯಬೇಕಾಗತದ. ಹೋಳಿಗೆ ತಿಂದು ಮಲಗಿದ ಅಂತ ದೇಶದ ಚರಿತ್ರೆಯಲ್ಲಿ ಬರೆಯಲಾ?"

"ಇಂದಾಪುರದವ ನಿಂತಿದ್ದ, ಅವನ ಹೆಸರು ಬರೀರಿ."

"ನಿಂತಿದ್ದ, ಒಪ್ಪತೀನಿ. ನಿಂತವರೆಲ್ಲಾ ಆಡಿದ ಹಾಗಲ್ಲ. ಚೆಂಡೇ ಬರಲಿಲ್ಲವಲ್ಲ ಅವನ ಹತ್ತಿರ. ಅವನು ಆಡಲಿಲ್ಲ ಕಾಕೂ."

ಯಜಮಾನರು ಒಂದು ಹೋಳಿಗೆ ಹಾಕಿದರು. ಸಾಹೇಬರು ತಿಂದರು. ನಾನು ಮಾತು ಬದಲಿಸಿದೆ.

"ಅಲ್ರಿ, ಇದರಾಗ 'ತಂಡದ ಶಿಸ್ತಿಗೆ ಒಂದೇ ಕಳಂಕ, ಒಂದು ಹಳದಿ ಕಾರ್ಡು' ಅಂತ ಬರದೀರಿ. ಯಾರ ಮಾಡಿದ್ರು ಅದನ್ನ?"

ಸಾಹೇಬರ ಹಳೆಯ ಸಿಟ್ಟು ಏರಿತು. "ಇನ್ಯಾರು, ಅದೇ ಇಂದಾಪುರದವನು! ಚೆಂಡು ಬಿಡು ಅಂದರೆ ಬಿಡಲಿಲ್ಲ. ಇಡೀ ತಂಡದ ಚರಿತ್ರೆಯಲ್ಲಿ ಕಾರ್ಡು ತಿಂದವನು ಅವನೊಬ್ಬನೇ..."

"ಹೌದ್ರಿ? ಆಡದವನಿಗೆ ಕಾರ್ಡು ತೋರಿಸಿದರು?"

ಸಾಹೇಬರ ಕೈ ತಟ್ಟೆಯ ಮೇಲೆ ನಿಂತಿತು. ಮೊಮ್ಮಗಳು ಹಾಳೆಯಲ್ಲಿ ಮುಖ ಮುಚ್ಚಿಕೊಂಡಳು.

"ಬಿಡಲಿಲ್ಲ ಅಂದಿರಿ. ಬಿಡಬೇಕಾದರ ಮೊದಲ ಹಿಡಿದಿರಬೇಕಲ್ರಿ ಸಾಹೇಬ್ರ."

"ನೋಡೋಣ ಕಾಕೂ," ಅಂದರು. ಯಜಮಾನರು ಇನ್ನೊಂದು ಹಾಕಿದರು, ಮೇಲೆ ತುಪ್ಪ.

"ಸಮಿತಿಯವರನ್ನ ಕೇಳಬೇಕು." ಮತ್ತೊಂದು.

"ಅಹೋ, ಬಸ್, ಸಾಕು!" ಅಂದರು. ಸಾಕು ಅಂದ ಮೇಲೆ ನಮ್ಮ ಯಜಮಾನರ ನಿಜವಾದ ಬಡಿಸುವುದು ಶುರುವಾಗುತ್ತದೆ ಅಂತ ಹೇಳಿದೆನಲ್ಲ. ಸಾಹೇಬರು ಎಡಕ್ಕೆ ಬಾಗಿದರೆ ಎಡಕ್ಕೆ ಹೋಳಿಗೆ, ಬಲಕ್ಕೆ ಬಾಗಿದರೆ ಬಲಕ್ಕೆ. ಫುಟ್ಬಾಲಿನಲ್ಲಿ ಇಂಥ ಆಟವನ್ನು ಅವರು ತಮ್ಮ ತಂಡದಿಂದ ಎಂದೂ ಕಂಡಿರಲಿಲ್ಲ. ಫೋಟೋ ಗೋಡೆಯ ಮೇಲೆ ಇತ್ತು, ಅದರ ಕೆಳಗೆ ನಾನು ಕೂತಿದ್ದೆ.

"ಹೆಸರು ಹಾಕತೀರೇನ್ರಿ?" ಅಂತ ಕೇಳಿದೆ. "ಇಲ್ಲಂದರ ಇನ್ನೊಂದು ಬುಟ್ಟಿ ಅದ ಒಳಗ."

ಸಾಹೇಬರ ಎರಡೂ ಗಲ್ಲ ಉಬ್ಬಿದ್ದವು. ಮಾತಾಡಲು ಬಾಯಲ್ಲಿ ಜಾಗ ಇರಲಿಲ್ಲ. ನನ್ನನ್ನು ನೋಡಿದರು, ಬುಟ್ಟಿಯ ಕಡೆ ನೋಡಿದರು, ಯಜಮಾನರ ಕೈಯನ್ನು ನೋಡಿದರು. ಆಮೇಲೆ ತಲೆ ಮೇಲೆ ಕೆಳಗೆ ಆಡಿಸಿದರು. ಹೌದು ಅಂತಲೇ. ಮೂವರೂ ಕಂಡೆವು.

ನಾನು ಮೊಮ್ಮಗಳ ಬೆನ್ನಿಗೆ ಒಂದು ಗುದ್ದಿದೆ.

"ಬರಿ ಅವ್ವೀ, ಅವನ ಹೆಸರು ಬರಿ. ಸಾಹೇಬರು ನುಂಗೂದರೊಳಗ ಬರಿ!"